ಅನೈಸೋಗಮಿ ಅಂದ್ರೆ ‘ಸರಿಯಿಲ್ಲದ ಮದುವೆ’ನಾ? ಬಯಾಲಜಿ ಗೊತ್ತಿರೋರು ಸ್ವಲ್ಪ ಬನ್ನಿ

ವಿಜಯನಗರದ_ಅಪ್ಪ · ಭಾನುವಾರ ರಾತ್ರಿ 9:40
ಮಗಳು ಫಸ್ಟ್ ಪಿಯು, ಪಿಸಿಎಂಬಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ಒಂದೇ ಏಟಿಗೆ ಇಂಗ್ಲಿಷಿಗೆ ಬಿದ್ದಿದ್ದಾಳೆ. ಪಾಚಿಗಳ ಪಾಠದಲ್ಲಿ ಮೂರು ಪದ ಬಂದಿವೆ: ಐಸೋಗಮಿ, ಅನೈಸೋಗಮಿ, ಊಗಮಿ. ಸಂಜೆಯಿಂದ ಮಂತ್ರದ ಥರ ಬಾಯಿಪಾಠ ಮಾಡ್ತಾ ಕೂತಿದ್ಲು. ಟ್ಯೂಷನ್ನಲ್ಲಿ ಅರ್ಥ ಕೇಳಿದ್ದಕ್ಕೆ ‘ಗಮಿ ಅಂದ್ರೆ ಗಮನ, ಹೋಗೋದು. ಅನೈಸೋಗಮಿ ಅಂದ್ರೆ ಸಮವಾಗಿ ಹೋಗದೇ ಇರೋದು, ಬರ್ಕೋ’ ಅಂದ್ರಂತೆ. ನನ್ನ ಹತ್ರ ಅವೆನ್ಯೂ ರೋಡಲ್ಲಿ ತಗೊಂಡ ಹಳೇ ಡಿಕ್ಷನರಿ ಇದೆ, ರಟ್ಟು ಹೋಗಿದೆ, ‘ಎಸ್’ ಆದ್ಮೇಲೆ ಪುಟಗಳೇ ಇಲ್ಲ. ಪುಣ್ಯಕ್ಕೆ ಈ ಪದ ಮೊದಲಲ್ಲೇ ಸಿಕ್ತು. ಅದರಲ್ಲಿ ಗಾಮೋಸ್ ಅಂದ್ರೆ ಗ್ರೀಕಲ್ಲಿ ಮದುವೆ ಅಂತಿದೆ. ಅದನ್ನ ಹೇಳಿದ್ದೇ ತಪ್ಪಾಯ್ತು. ‘ಅಪ್ಪ, ಪಾಚಿಗೆ ಯಾರು ಮದುವೆ ಮಾಡಿಸಿದ್ರು?’ ಅಂತ ಹಿಡ್ಕೊಂಡಿದ್ದಾಳೆ. ನಾನು ಐಟಿಐ ಫಿಟ್ಟರ್. ಮೈಕ್ರೋಮೀಟರ್ ಹಿಡಿಯೋದು ಗೊತ್ತು, ಪಾಚಿ ಮದುವೆ ಗೊತ್ತಿಲ್ಲ. ಯಾವುದು ಸರಿ, ಆ ಪದ ಎಲ್ಲಿಂದ ಬಂತು, ಕನ್ನಡದಲ್ಲಿ ಏನಂತಾರೆ, ಗೊತ್ತಿರೋರು ಹೇಳಿ.

ಲಾಲ್‌ಬಾಗ್_ವಾಕರ್ · 9:52
ಡಿಕ್ಷನರಿ ಪಾಸು, ಟ್ಯೂಷನ್ ಫೇಲು.

ಒಗ್ಗರಣೆ_ಡಬ್ಬಿ · 9:55
ನಾನು ಟೈಟಲ್ ನೋಡಿ ಇದು ಮ್ಯಾಟ್ರಿಮೋನಿ ಗಲಾಟೆ ಅಂತ ಒಳಗೆ ಬಂದೆ. ‘ಅನೈಸ್’ ಅಂದ್ರೆ ಸೋಂಪು ಅಲ್ವಾ? ಸೋಂಪಿನ ಮದುವೆ. ಊಟ ಆದ್ಮೇಲೆ ಕೊಡೋದು.

ಮೈಕ್ರೋಸ್ಕೋಪ್_ಮೇಡಂ · 10:20
ಮೂವತ್ತು ವರ್ಷ ಪಿಯು ಮಕ್ಕಳಿಗೆ ಬಾಟನಿ ಹೇಳಿ ರಿಟೈರ್ ಆದವಳು, ಇದಕ್ಕೆ ನಾನು ಉತ್ತರ ಕೊಡದೇ ಮಲಗಿದ್ರೆ ನಿದ್ದೆ ಬರಲ್ಲ.

ಪದವನ್ನ ಮೂರು ತುಂಡು ಮಾಡಿ: ಅನ್ + ಐಸೋಸ್ + ಗಾಮೋಸ್. ಅನ್ ಅಂದ್ರೆ ಅಲ್ಲ, ಐಸೋಸ್ ಅಂದ್ರೆ ಸಮ, ಗಾಮೋಸ್ ಅಂದ್ರೆ ಮದುವೆ. ಸಮ ಅಲ್ಲದವರ ಕೂಟ. ಇಲ್ಲಿ ‘ಅವರು’ ಅಂದ್ರೆ ಲಿಂಗಾಣುಗಳು, ಇಂಗ್ಲಿಷಿನ ಗ್ಯಾಮೀಟ್, ಸಂತಾನಕ್ಕಾಗಿ ಒಂದರ ಜೊತೆ ಒಂದು ಸೇರೋ ಕೋಶಗಳು. ಆ ಗ್ಯಾಮೀಟ್ ಕೂಡ ಅದೇ ಮನೆತನದ್ದು. ಗ್ರೀಕಲ್ಲಿ ಗಾಮೆಟೇಸ್ ಅಂದ್ರೆ ಗಂಡ, ಗಾಮೆಟೇ ಅಂದ್ರೆ ಹೆಂಡತಿ. ಅನೈಸೋಗಮಿ ಗ್ರೀಕರ ಕಾಲದ ಪದ ಏನಲ್ಲ. ಬೇರು ಹಳೇದು, ಪದ ಹೊಸದು. ಇಂಗ್ಲಿಷ್ ನಿಘಂಟಿನವರು ಕೊಡೋ ಮೊದಲ ಬಳಕೆ 1891ರದ್ದು. ಆಸ್ಕರ್ ಹರ್ಟ್‌ವಿಗ್ ಕಡಲ ಮುಳ್ಳುಚೆಂಡಿನ ಅಂಡದೊಳಗೆ ವೀರ್ಯಾಣುವಿನ ಕೋಶಕೇಂದ್ರ ಹೋಗಿ ಸೇರೋದನ್ನ ನೋಡಿದ್ದು 1876ರಲ್ಲಿ. ಅದಾದ ಮೇಲೆ ಯಾವ ಜೀವಿಯಲ್ಲಿ ಯಾವುದು ಯಾವುದರ ಜೊತೆ ಸೇರುತ್ತೆ ಅಂತ ಎಲ್ಲರೂ ಹುಡುಕೋಕೆ ಶುರು ಮಾಡಿದ್ರು, ಹೆಸರುಗಳೂ ಬೇಕಾದವು.

ಪರೀಕ್ಷೆಗೆ ಇಷ್ಟು ಸಾಕು. ಎರಡು ಲಿಂಗಾಣು ಒಂದೇ ಗಾತ್ರ ಇದ್ರೆ ಐಸೋಗಮಿ, ಉದಾಹರಣೆಗೆ ಯೂಲೋತ್ರಿಕ್ಸ್. ಒಂದು ದೊಡ್ಡದು ಒಂದು ಚಿಕ್ಕದು ಇದ್ರೆ ಅನೈಸೋಗಮಿ, ಯೂಡೊರಿನಾದ ಕೆಲವು ಜಾತಿಗಳು. ದೊಡ್ಡದು ಕದಲದೆ ಕೂತಿದ್ದು ಚಿಕ್ಕದು ಈಜಿಕೊಂಡು ಬಂದ್ರೆ ಊಗಮಿ, ವಾಲ್ವಾಕ್ಸ್ ಮತ್ತು ಫ್ಯೂಕಸ್. ಊಗಮಿಯ ‘ಊ’ ಗ್ರೀಕಿನ ಓಆನ್, ಮೊಟ್ಟೆ. ನಾವು ನೀವು ಕೂಡ ಊಗಮಿ ಗಿರಾಕಿಗಳೇ. ಹಾಗೆ ನೋಡಿದ್ರೆ ಊಗಮಿ ಅನ್ನೋದು ಅನೈಸೋಗಮಿಯ ತುತ್ತತುದಿ, ಬೇರೆ ಜಾತಿ ಅಲ್ಲ. ಪಠ್ಯದಲ್ಲಿ ಮೂರು ಅಂತ ಬಿಡಿಸಿ ಹೇಳಿರೋದ್ರಿಂದ ಮಕ್ಕಳು ಮೂರು ಡಬ್ಬಿ ಅಂದ್ಕೊಳ್ತಾರೆ.

335ಇ_ಕಿಟಕಿ_ಸೀಟು · 10:31
ಮೇಡಂ ನೀವು ನಮಗೆ ಯಾಕೆ ಸಿಗಲಿಲ್ಲ. ನಮ್ಮ ಲೆಕ್ಚರರ್ ನೋಟ್ಸ್ ಬರೆಸಿ ಹೋಗೋರು, ನಾವು ಊಗಮಿನ ‘ಉಗಮ’ ಅಂತ ಬರೆದು ಬಂದಿದ್ವಿ.

ಕ್ಯಾಪಿಟಲ್_ಕೆ · 10:33
ಅದು ಊಗಮಿ ಅಲ್ಲ. ಸರಿಯಾದ ಉಚ್ಚಾರ ಓ-ಆಗಮಿ.

335ಇ_ಕಿಟಕಿ_ಸೀಟು · 10:34
ಬೆಂಗಳೂರು ಗಡಿ ದಾಟಿದ ಮೇಲೆ ಓ-ಆಗಮಿ. ಇಲ್ಲಿ ಊಗಮಿ.

ರಕ್ತ_ಪರೀಕ್ಷೆ_ಫೋಬಿಯಾ · 10:48
ಒಂದು ನಿಮಿಷ. ಅಮ್ಮನ ಬ್ಲಡ್ ರಿಪೋರ್ಟಲ್ಲಿ ‘ಅನೈಸೋಸೈಟೋಸಿಸ್’ ಅಂತ ಬಂದು ನಾವು ಮನೆಯವರೆಲ್ಲ ಎರಡು ದಿನ ಅನ್ನ ಬಿಟ್ಟಿದ್ವಿ. ಅದೇ ಅನೈಸೋನಾ ಇದು?

ಮೈಕ್ರೋಸ್ಕೋಪ್_ಮೇಡಂ · 10:55
ಅದೇ. ಕೆಂಪು ರಕ್ತಕಣಗಳ ಗಾತ್ರ ಒಂದೇ ಸಮ ಇಲ್ಲ ಅಂತ ಅರ್ಥ, ಅಷ್ಟೇ. ಕಬ್ಬಿಣದಂಶ ಕಮ್ಮಿ ಇದ್ರೂ ಬರುತ್ತೆ. ಡಾಕ್ಟರು ನೋಡಿದ್ದಾರೆ ತಾನೇ? ಕಣ್ಣಿನ ಎರಡು ಪಾಪೆ ಒಂದೇ ಗಾತ್ರ ಇಲ್ಲದಿದ್ರೆ ಅನೈಸೋಕೋರಿಯಾ ಅಂತಾರೆ. ‘ಅನ್’ ತೆಗೆದು ಬರೀ ಐಸೋ ಹುಡುಕಿದ್ರೆ ಐಸೋಸಿಲಿಸ್ ತ್ರಿಭುಜ, ಹವಾಮಾನದವರ ಐಸೋಬಾರ್, ಐಸೋಟೋಪ್, ಎಲ್ಲ ಒಂದೇ ಬೀದಿಯವು.

ರಕ್ತ_ಪರೀಕ್ಷೆ_ಫೋಬಿಯಾ · 10:58
ನೋಡಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ, ಈಗ ಅಮ್ಮ ನನ್ನನ್ನೇ ಬೈಯೋಷ್ಟು ಗಟ್ಟಿ.

ಪಾಣಿನಿ_ಪಕ್ಕದ್ಮನೆ · 11:15
ಟ್ಯೂಷನ್ ಮೇಷ್ಟ್ರನ್ನ ಅಷ್ಟು ಸುಲಭವಾಗಿ ಬೈಬೇಡಿ. ಗ್ರೀಕ್, ಸಂಸ್ಕೃತ ಎರಡೂ ದಾಯಾದಿ ಭಾಷೆಗಳು. ಗಮ್ ಧಾತು ಅಲ್ಲಿಗೆ ಹೋಗಿ ಗಾಮೋಸ್ ಆಗಿರಬಹುದಲ್ಲ? ಹುಡುಗಿ ಗಂಡನ ಮನೆಗೆ ‘ಹೋಗೋದೇ’ ಮದುವೆ.

ಬೇರು_ಬಿಳಲು · 11:37
ಕೇಳೋಕೆ ಚೆನ್ನಾಗಿದೆ, ನಿಜ ಅಲ್ಲ. ದಾಯಾದಿಗಳು ಹೌದು, ಆದ್ರೆ ಮುಖ ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ಮನೆಯವರಾಗಲ್ಲ. ಸಂಸ್ಕೃತದ ಗಮ್‌ಗೆ ಗ್ರೀಕಲ್ಲಿ ಇರೋ ನೆಂಟ ಬೈನೋ, ‘ನಡೆಯುತ್ತೇನೆ’ ಅಂತ. ಆ ಬೇರಿನ ಮೊದಲ ಅಕ್ಷರ ಗ್ರೀಕಿಗೆ ಬರುವಾಗ ‘ಬ’ ಆಯ್ತು, ಸಂಸ್ಕೃತಕ್ಕೆ ಬರುವಾಗ ‘ಗ’ ಆಯ್ತು. ಇಂಗ್ಲಿಷಿನ ‘ಕಮ್’ ಕೂಡ ಅದೇ ಬೇರು.

ಗಾಮೋಸ್‌ಗೆ ನೆಂಟರನ್ನ ಹುಡುಕಬೇಕಾದ್ರೆ ಬೇರೆ ಬಾಗಿಲು ತಟ್ಟಬೇಕು. ಗ್ರೀಕಲ್ಲಿ ಅಳಿಯನಿಗೆ ಗಾಂಬ್ರೋಸ್ ಅಂತಾರೆ. ಸಂಸ್ಕೃತದಲ್ಲಿ ಅಳಿಯ ಯಾರು? ಜಾಮಾತೃ. ಭಾಷಾವಿಜ್ಞಾನದವರು ಸಾಮಾನ್ಯವಾಗಿ ಈ ಎರಡನ್ನೂ ಗಾಮೋಸ್ ಇರೋ ಗುಂಪಿಗೇ ಸೇರಿಸ್ತಾರೆ. ಅಂದ್ರೆ ಬಯಾಲಜಿ ಪುಸ್ತಕದ ಗ್ಯಾಮೀಟು ನಮ್ಮ ಮನೆ ಜಾಮಾತೃವಿಗೆ ದೂರದ ದಾಯಾದಿ.

ಒಗ್ಗರಣೆ_ಡಬ್ಬಿ · 11:39
ಜಾಮಾತಾ ದಶಮಗ್ರಹಃ. ಈಗ ಗೊತ್ತಾಯ್ತು ಬಯಾಲಜಿ ಯಾಕೆ ಕಷ್ಟ ಅಂತ.

ಪಾಣಿನಿ_ಪಕ್ಕದ್ಮನೆ · 11:44
ಸರಿ, ಗಮ್ ವಾಪಸ್ ತಗೊಂಡೆ. ಐಸೋಸ್ ಮತ್ತು ನಮ್ಮ ‘ಸಮ’ ಆದ್ರೂ ನೆಂಟರು ತಾನೇ?

ಬೇರು_ಬಿಳಲು · 11:50
ಅದೂ ಅಲ್ಲ ಸ್ವಾಮಿ. ‘ಸಮ’ ಸೇರೋದು ಗ್ರೀಕಿನ ಹೋಮೋಸ್ ಜೊತೆ, ಇಂಗ್ಲಿಷಿನ ‘ಸೇಮ್’ ಕೂಡ ಅಲ್ಲೇ. ನಿಮಗೆ ಸಮಾಧಾನಕ್ಕೆ ಒಂದು ಕೊಡ್ತೀನಿ: ಮೊದಲಿನ ‘ಅನ್’ ಇದೆಯಲ್ಲ, ಅದು ಅಚ್ಚುಕಟ್ಟಾಗಿ ನಮ್ಮದೇ. ಆರೋಗ್ಯ ಅಲ್ಲದ್ದು ಅನಾರೋಗ್ಯ, ಸಮ ಅಲ್ಲದ್ದು ಅಸಮ. ಸ್ವರ ಮುಂದೆ ಬಂದ್ರೆ ಅನ್, ವ್ಯಂಜನ ಬಂದ್ರೆ ಬರೀ ಅ. ಗ್ರೀಕಲ್ಲೂ ಇದೇ ನಿಯಮ. ಐಸೋಸ್ ಸ್ವರದಿಂದ ಶುರು ಆಗೋದಕ್ಕೇ ಅದು ‘ಅಐಸೋಗಮಿ’ ಆಗದೆ ‘ಅನೈಸೋಗಮಿ’ ಆಗಿದ್ದು. ವಿಜಯನಗರದವರ ಮಗಳು ಕನ್ನಡ ಮೀಡಿಯಂ ಅಂದ್ರಲ್ಲ, ಎಂಟನೇ ಕ್ಲಾಸಿನ ವ್ಯಾಕರಣ ಜ್ಞಾಪಿಸಿ. ಗ್ರೀಕಿನ ಕಾಲು ಭಾಗ ಆಗಲೇ ಬಂದಿದೆ ಅವಳಿಗೆ.

ವಿಜಯನಗರದ_ಅಪ್ಪ · ಸೋಮವಾರ ಬೆಳಿಗ್ಗೆ 6:10
ಅಬ್ಬಾ, ಒಂದು ರಾತ್ರಿಗೆ ಇಷ್ಟಾ! ಶಿಫ್ಟಿಗೆ ಹೊರಟಿದ್ದೀನಿ. ಅನಾರೋಗ್ಯ–ಅನೈಸೋಗಮಿ ಅವಳಿಗೆ ಸಖತ್ ಇಷ್ಟ ಆಯ್ತು, ಹಲ್ಲುಜ್ಜುತ್ತಾ ಹೇಳ್ತಿದ್ದಾಳೆ. ಆದ್ರೆ ಪಾಚಿಗೆ ಮದುವೆ ಮಾಡಿಸಿದ್ದು ಯಾರು ಅನ್ನೋದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಲಾಲ್‌ಬಾಗ್_ವಾಕರ್ · 7:35
ಈಗಷ್ಟೇ ವಾಕ್ ಮುಗಿಸಿ ಬಂದೆ, ಇದಕ್ಕೆ ನಾನು ಸಾಕು. ಗಿಡಮರಗಳಿಗೆ ಮದುವೆ ಮಾಡಿಸಿದ ಪುರೋಹಿತರಲ್ಲಿ ದೊಡ್ಡ ಹೆಸರು ಸ್ವೀಡನ್ನಿನ ಲಿನಿಯಸ್. 1735ರಲ್ಲಿ ಸಸ್ಯಗಳನ್ನ ಇಪ್ಪತ್ತನಾಲ್ಕು ವರ್ಗ ಮಾಡಿದ. ಹೂವಿನ ಕೇಸರಗಳು ಗಂಡಂದಿರು, ಶಲಾಕೆ ಹೆಂಡತಿ. ಒಂದೇ ಕೇಸರ ಇದ್ರೆ ‘ಒಬ್ಬ ಗಂಡ’ ವರ್ಗ, ಎರಡಿದ್ರೆ ‘ಇಬ್ಬರು ಗಂಡಂದಿರು’, ಹೀಗೇ ಮೇಲಕ್ಕೆ. ಅವನ ಕಾಲದವರೇ ಕೆಲವರು ‘ಛೀ, ಇದೇನು ಅಸಹ್ಯ’ ಅಂದ್ರು. ಕೊನೇ ವರ್ಗಕ್ಕೆ ಬಂದಾಗ ಜರೀಗಿಡ, ಹಾವಸೆ, ಪಾಚಿ, ಅಣಬೆ ಉಳಿದವು. ಹೂವೇ ಇಲ್ಲ, ಗಂಡ ಎಲ್ಲಿ ಹೆಂಡತಿ ಎಲ್ಲಿ ಕಾಣಲ್ಲ. ಅದಕ್ಕೆ ಕ್ರಿಪ್ಟೋಗೇಮಿಯಾ ಅಂತ ಹೆಸರಿಟ್ಟ: ಗುಟ್ಟಿನ ಮದುವೆ. ಕದ್ದುಮುಚ್ಚಿ ಆದ ಆ ಮದುವೆಯಲ್ಲಿ ಏನು ನಡೀತಿತ್ತು ಅಂತ ಮೈಕ್ರೋಸ್ಕೋಪಲ್ಲಿ ಇಣುಕಿ ನೋಡಿದವರು ಮುಂದೆ ಐಸೋಗಮಿ, ಅನೈಸೋಗಮಿ ಅಂತ ಹೆಸರುಗಳನ್ನ ಇಟ್ರು.

ಲಾಲ್‌ಬಾಗ್ ಬಂಡೆ ಮೇಲೆ ಮಳೆಗಾಲದಲ್ಲಿ ಹಸಿರು ಹಾವಸೆ ಹತ್ತುತ್ತಲ್ಲ, ಜನ ಕಾಲು ಜಾರಿ ಬೀಳೋದು ಇಂಥ ಗುಟ್ಟಿನ ಮದುವೆ ಮಂಟಪದಲ್ಲೇ.

ಜಯನಗರ_ಪಾರ್ಕಿಂಗ್ · 7:50
ಲಾಲ್‌ಬಾಗ್ ಅಂದ್ರಲ್ಲ, ಪಶ್ಚಿಮ ಗೇಟ್ ಹತ್ರ ಭಾನುವಾರ ಗಾಡಿ ಎಲ್ಲಿ ಹಾಕ್ತೀರಿ?

ಲಾಲ್‌ಬಾಗ್_ವಾಕರ್ · 7:52
ಹಾಕಲ್ಲ. ಮೆಟ್ರೋ.

ಎಲ್ಲರ_ನುಡಿ · 9:05
ಗ್ರೀಕ್ ಆಯ್ತು, ಸಂಸ್ಕೃತ ಆಯ್ತು, ಕನ್ನಡ ಯಾವಾಗ? ಕನ್ನಡದಲ್ಲಿ ಏನಂತಾರೆ ಅಂತ ಕೇಳಿದ್ದು ಅವರು. ‘ವಿಷಮಯುಗ್ಮಕತೆ’ ಅಂತ ಬರೆದು ಕೈ ತೊಳ್ಕೊಳ್ತಾರೆ ಪುಸ್ತಕದವರು. ಆ ಪದ ನೋಡಿ ಯಾವ ಮಗುವಿಗೆ ಏನು ಹೊಳೆಯುತ್ತೆ? ನೇರವಾಗಿ ‘ಸಾಟಿಯಲ್ಲದ ಕೂಡಿಕೆ’ ಅನ್ನಿ. ಐಸೋಗಮಿಗೆ ‘ಸಾಟಿಗೂಡಿಕೆ’. ಮುಗೀತು.

ಮೈಕ್ರೋಸ್ಕೋಪ್_ಮೇಡಂ · 9:30
ವಿಷಮ ಬೇಡ ಅನ್ನೋದಕ್ಕೆ ನನ್ನ ಓಟೂ ಇದೆ, ಕಾರಣ ಬೇರೆ. ಕ್ಲಾಸಲ್ಲಿ ಸ್ವತಃ ಅನುಭವಿಸಿದ್ದು. ಗ್ಯಾಮೀಟ್‌ಗೆ ಯುಗ್ಮಕ ಅಂತಾರೆ, ಅವೆರಡು ಸೇರಿ ಆದ ಜೈಗೋಟ್‌ಗೆ ಯುಗ್ಮಜ. ಅಲ್ಲಿಗೆ ವಿಷಮಯುಗ್ಮಕ ಅಂದ್ರೆ ಅನೈಸೋಗಮಿ ಕಡೆಯದು, ವಿಷಮಯುಗ್ಮಜ ಅಂದ್ರೆ ಬಟಾಣಿ ಗಿಡದ ಪ್ರಯೋಗದ ಮೆಂಡಲನ ಹೆಟಿರೋಜೈಗಸ್, ಜೋಡಿಯ ಎರಡು ಜೀನ್ ಬೇರೆ ಬೇರೆ ಇರೋದು. ಎರಡಕ್ಕೂ ಸಂಬಂಧವೇ ಇಲ್ಲ! ಒಂದು ಗಾತ್ರದ ವಿಷಯ, ಇನ್ನೊಂದು ಜೀನ್ ಜೋಡಿಯ ವಿಷಯ. ಮಧ್ಯೆ ಇರೋದು ಒಂದೇ ಅಕ್ಷರ, ಕ ಮತ್ತು ಜ. ಅಚ್ಚಿನಲ್ಲಿ ಒಂದು ಸಲ ತಪ್ಪಿದ್ರೆ ಅವರೆ ಗಿಡ ಹೋಗಿ ಪಾಚಿ ಆಗುತ್ತೆ. ಬಟಾಣಿ ಅನ್ನೋ ಬದಲು ಅವರೆ ಅಂದೆ, ಕ್ಷಮಿಸಿ, ಗಾಂಧಿ ಬಜಾರಿಂದ ಸೊಗಡವರೆ ತಂದು ಬಿಡಿಸ್ತಾ ಕೂತಿದ್ದೀನಿ.

ನಾನು ಕ್ಲಾಸಲ್ಲಿ ಗ್ಯಾಮೀಟ್‌ಗೆ ಲಿಂಗಾಣು ಅಂತಲೇ ಹೇಳ್ತಿದ್ದೆ. ಸಮಲಿಂಗಾಣು, ಅಸಮಲಿಂಗಾಣು. ಹಿಂದಿನ ಬೆಂಚು ಎರಡು ನಿಮಿಷ ಮುಸಿಮುಸಿ ನಗುತ್ತೆ, ಆಮೇಲೆ ಜನ್ಮದಲ್ಲಿ ಮರೆಯಲ್ಲ.

ಧಾರವಾಡ_ಟು_ಯಶವಂತಪುರ · 10:02
‘ಕೂಡಿಕೆ’ ಅನ್ನೂ ಮುಂಚೆ ಸ್ವಲ್ಪ ತಡೀರಿ. ಕೂಡಿಕೆ ಅಂದ್ರ ಹಳೇ ಮಂದಿ ಬಾಯಾಗ ಮರುಮದುವಿ. ಗಂಡ ಸತ್ತಾಕಿ, ಬಿಟ್ಟಾಕಿ ಮತ್ತ ಮದುವಿ ಆಗೋದು. ನಮ್ಮ ಕಡೆ ಉಡಕಿ ಅಂತೀವಿ. ಈಗ ನೀವು ಪಾಚಿಗೆ ಎರಡನೇ ಸಂಬಂಧ ಹಚ್ಚಾಕ ಹೊಂಟೀರಿ ನೋಡ್ರಿ.

ಎಲ್ಲರ_ನುಡಿ · 10:10
ಹಾಗಾದ್ರೆ ‘ಬೆಸಗೂಟ’? ಬೆಸ ಅಂದ್ರೆ ಸರಿಸಂಖ್ಯೆ ಅಲ್ಲದ್ದು.

ಬೇರು_ಬಿಳಲು · 10:16
ಬೆಸ ಅಂದ್ರೆ ಮೂರು, ಐದು, ಏಳು. ಸೇರ್ತಿರೋದು ಎರಡೇ. ಅಲ್ಲದೆ ‘ಕೂಟ’ ಕೇಳಿದ್ರೆ ಬಾಡೂಟ ಜ್ಞಾಪಕ ಬರುತ್ತೆ ನನಗೆ.

ಕ್ಯಾಪಿಟಲ್_ಕೆ · 10:21
ಎಲ್ಲದಕ್ಕೂ ಕನ್ನಡ ಯಾಕೆ ಬೇಕು? ನೀಟ್ ಬರೆಯೋ ಮಗು, ಅನೈಸೋಗಮಿ ಅಂತಲೇ ಕಲೀಲಿ.

ಎಲ್ಲರ_ನುಡಿ · 10:24
ನೀಟಿಗೆ ಇಂಗ್ಲಿಷ್ ಇರಲಿ. ತಲೆಗೆ ಕನ್ನಡ ಬೇಡ್ವಾ? ನೀವೇ ನೋಡಿ, ‘ಅನಾರೋಗ್ಯ’ ಅಂತ ಒಂದು ಪದ ಕೊಟ್ಟಿದ್ದಕ್ಕೆ ತಾನೇ ಆ ಹುಡುಗಿಗೆ ಬಾಗಿಲು ತೆರೆದಿದ್ದು.

ರಕ್ತ_ಪರೀಕ್ಷೆ_ಫೋಬಿಯಾ · 10:40
ವಿಷಮ ಅಂದ್ರೆ ನನಗೆ ಬರೋದು ವಿಷಮಶೀತ ಜ್ವರ. ಟೈಫಾಯ್ಡ್. ಹದಿನಾಲ್ಕು ದಿನ ಗಂಜಿ. ಆ ಪದ ಪಾಚಿಗೂ ಬೇಡ, ಯಾರಿಗೂ ಬೇಡ. ಅಸಮ ಸಾಕು.

ಪಾಣಿನಿ_ಪಕ್ಕದ್ಮನೆ · 10:47
ವಿ + ಸಮ = ವಿಷಮ. ಅದರಲ್ಲಿ ವಿಷ ಇಲ್ಲ. ಜನ ಸುಮ್ಮನೆ ಹೆದರ್ತಾರೆ. ಆದ್ರೆ ಮೇಡಂ ಹೇಳಿದ ಕ-ಜ ಗೊಂದಲ ಒಪ್ಪಬೇಕಾದ್ದೇ. ಅಸಮಕ್ಕೆ ನನ್ನದೂ ಒಂದು.

ತಿಂಡಿ_ಬೀದಿ · ಮಧ್ಯಾಹ್ನ 1:15
ಪದ ಎಲ್ಲ ಆಯ್ತು, ನನ್ನದು ದಡ್ಡ ಪ್ರಶ್ನೆ. ಗಾತ್ರ ಯಾಕೆ ಬೇರೆ ಆಗಬೇಕು? ಎರಡೂ ಒಂದೇ ಸೈಜ್ ಇದ್ದಿದ್ರೆ ಏನು ಗಂಟು ಹೋಗ್ತಿತ್ತು?

ಕೋಶ_ಕೋಣೆ · 1:58
ದಡ್ಡ ಪ್ರಶ್ನೆ ಅಲ್ಲ, ಇದಕ್ಕೇ ತಲೆ ಕೆಡಿಸ್ಕೊಂಡವರು ಬಹಳ. ಜಿಕೆವಿಕೆ ಕಡೆ ಒಂದು ಲ್ಯಾಬಲ್ಲಿ ಕೆಲಸ ನನಗೆ, ಊಟದ ಹೊತ್ತಲ್ಲಿ ಬರೀತಿದ್ದೀನಿ, ಅದಕ್ಕೇ ಮುದ್ದೆ ಲೆಕ್ಕದಲ್ಲೇ ಹೇಳ್ತೀನಿ.

ಒಂದು ಊರಲ್ಲಿ ಎಲ್ಲರಿಗೂ ಒಂದೊಂದು ಸೇರು ರಾಗಿ ಹಿಟ್ಟು. ಎಷ್ಟು ಮುದ್ದೆ ಬೇಕಾದ್ರೂ ಕಟ್ಟಬಹುದು. ಚಿಕ್ಕದು ಕಟ್ಟಿದ್ರೆ ನೂರಾರು, ದೊಡ್ಡದು ಕಟ್ಟಿದ್ರೆ ನಾಲ್ಕೇ. ನಿಯಮ ಏನಂದ್ರೆ, ನಿಮ್ಮ ಒಂದು ಮುದ್ದೆ ಇನ್ನೊಬ್ಬರ ಒಂದು ಮುದ್ದೆ ಜೊತೆ ಅಂಟಿಕೊಂಡು ಒಂದಾಗಬೇಕು, ಒಂದಾದ್ದು ಒಬ್ಬ ಆಳಿನ ಹೊಟ್ಟೆ ತುಂಬಿಸೋಷ್ಟು ದಪ್ಪ ಇರಬೇಕು. ಇಲ್ಲಾಂದ್ರೆ ಅದು ಬದುಕಲ್ಲ. ಎಲ್ಲರೂ ಮಧ್ಯಮ ಗಾತ್ರ ಕಟ್ಟೋ ಊರಲ್ಲಿ ಯಾರೋ ಒಬ್ಬ ಜಾಣ ಗೋಲಿ ಗಾತ್ರದ್ದು ಕಟ್ಟಿದ ಅಂದ್ಕೊಳ್ಳಿ. ಅವನದ್ದು ಸಂಖ್ಯೆ ಜಾಸ್ತಿ, ಎಲ್ಲರ ಮುದ್ದೆಗೂ ಹೋಗಿ ಅಂಟುತ್ತೆ, ಖರ್ಚು ಕಮ್ಮಿ. ಗೋಲಿಗಳು ಊರು ತುಂಬಿದ ಮೇಲೆ ಗೋಲಿಗೆ ಗೋಲಿ ಸೇರಿದ್ರೆ ಹೊಟ್ಟೆ ತುಂಬಲ್ಲ. ಆಗ ದಪ್ಪ ಮುದ್ದೆ ಕಟ್ಟಿದವಳದ್ದು ಗೆಲ್ಲುತ್ತೆ, ಯಾಕಂದ್ರೆ ಎಂಥ ಗೋಲಿ ಬಂದು ಅಂಟಿದ್ರೂ ಅವಳ ಮುದ್ದೆ ಒಂದೇ ಸಾಕು. ಮಧ್ಯಮ ಗಾತ್ರದವನಿಗೆ ಸಂಖ್ಯೆಯೂ ಇಲ್ಲ, ತೂಕವೂ ಇಲ್ಲ. ಎರಡೂ ಕಡೆಯಿಂದ ಒದೆ ತಿಂದು ಹೊರಗೆ ಹೋಗ್ತಾನೆ.

ಇದನ್ನ ಗಣಿತದಲ್ಲಿ ಕೂಡಿಸಿ ತೋರಿಸಿದ್ದು 1972ರಲ್ಲಿ, ಜೆಫ್ ಪಾರ್ಕರ್ ಮತ್ತು ಅವರ ಜೊತೆಗಿದ್ದ ಬೇಕರ್, ಸ್ಮಿತ್. ಕದನ ಅಲ್ಲಿಗೇ ಮುಗಿದಿಲ್ಲ. ಗೋಲಿಯವನು ಮೈಟೊಕಾಂಡ್ರಿಯ (ಕೋಶಕ್ಕೆ ಶಕ್ತಿ ಕೊಡೋ ಪುಟ್ಟ ಭಾಗಗಳು) ಕೂಡ ತರದೆ ಖಾಲಿ ಕೈಯಲ್ಲಿ ಬರೋದ್ರಿಂದ ಎರಡು ಕಡೆ ಮೈಟೊಕಾಂಡ್ರಿಯಗಳ ಜಗಳ ತಪ್ಪುತ್ತೆ, ಗಾತ್ರ ವ್ಯತ್ಯಾಸಕ್ಕೆ ಅದೇ ಕಾರಣ ಅನ್ನೋ ಇನ್ನೊಂದು ವಾದ ಇದೆ. ನಮ್ಮ ಲ್ಯಾಬಲ್ಲೇ ಇದಕ್ಕೆ ಎರಡು ಪಾರ್ಟಿ. ನನಗೆ ಮುದ್ದೆ ಪಾರ್ಟಿಯೇ ಸರಿ ಕಾಣುತ್ತೆ.

ಮೈಕ್ರೋಸ್ಕೋಪ್_ಮೇಡಂ · 2:20
ಮುದ್ದೆ ಚೆನ್ನಾಗಿದೆ, ಒಂದು ತಿದ್ದುಪಡಿ. ಮನುಷ್ಯರ ವೀರ್ಯಾಣು ‘ಖಾಲಿ ಕೈ’ ಅಲ್ಲ. ಬಾಲದ ಬುಡದಲ್ಲಿ ಮೈಟೊಕಾಂಡ್ರಿಯ ಸುತ್ತಿಕೊಂಡೇ ಬರುತ್ತೆ, ಈಜೋಕೆ ಬೇಕಲ್ಲ. ಒಳಗೆ ಹೋದ ಮೇಲೆ ಅಂಡದವರು ಅದನ್ನ ನಾಶ ಮಾಡ್ತಾರೆ.

ಕೋಶ_ಕೋಣೆ · 2:24
ಒಪ್ಪಿದೆ ಮೇಡಂ. ಬಾಯಲ್ಲಿ ಮುದ್ದೆ ಇತ್ತು.

ತಿಂಡಿ_ಬೀದಿ · 2:31
ಮನುಷ್ಯರಲ್ಲಿ ಎಷ್ಟು ವ್ಯತ್ಯಾಸ ಅಂತ ಸ್ವಲ್ಪ ಹೇಳಿ, ಫಿಟ್ಟರ್ ಅಣ್ಣನಿಗೆ ಅರ್ಥ ಆಗೋ ಥರ.

ಕೋಶ_ಕೋಣೆ · 2:40
ಅಂಡಾಣು ಅಡ್ಡಗಲ ಹೆಚ್ಚುಕಮ್ಮಿ 0.1 ಮಿಲಿಮೀಟರ್. ಕಣ್ಣು ಚುರುಕಿದ್ದವರಿಗೆ ಬರಿಗಣ್ಣಲ್ಲೇ ಚುಕ್ಕೆ ಥರ ಕಾಣಬಹುದು. ಅಣ್ಣನ ಮೈಕ್ರೋಮೀಟರಿನ ಹತ್ತು ಗೆರೆ. ವೀರ್ಯಾಣುವಿನ ತಲೆ 0.005 ಮಿಲಿಮೀಟರ್ ಉದ್ದ, ಗೆರೆಯ ಅರ್ಧ. ಉದ್ದದಲ್ಲಿ ಇಪ್ಪತ್ತು ಪಟ್ಟು ಅನ್ನಿಸುತ್ತೆ, ಗಾತ್ರ ಗುಣಿಸಿದ್ರೆ ಹತ್ತಾರು ಸಾವಿರ ಪಟ್ಟು. ಅದಕ್ಕೇ ಚಿಕ್ಕದನ್ನ ಲೇವನ್‌ಹುಕ್ 1677ರಲ್ಲೇ ನೋಡಿಬಿಟ್ಟ, ದೊಡ್ಡದನ್ನ, ಅಂದ್ರೆ ಸಸ್ತನಿಗಳ ಅಂಡಾಣುವನ್ನ, ವಾನ್ ಬೇರ್ ಹುಡುಕೋಕೆ 1827 ಆಗಬೇಕಾಯ್ತು.

335ಇ_ಕಿಟಕಿ_ಸೀಟು · 2:44
‘ಅದಕ್ಕೇ’ ಅಂದ್ರೇನು? ಚಿಕ್ಕದು ಮೊದಲು ಸಿಕ್ತು, ದೊಡ್ಡದು ಆಮೇಲೆ ಸಿಕ್ತು, ಯಾಕೆ?

ಕೋಶ_ಕೋಣೆ · 2:50
ಚಿಕ್ಕದು ಹನಿಯೊಳಗೆ ಲಕ್ಷಗಟ್ಟಲೆ ಇರುತ್ತೆ, ಮೇಲಾಗಿ ಓಡಾಡುತ್ತೆ. ದೊಡ್ಡದು ಅಂಡಾಶಯದ ಒಳಗೆ ಕೂತಿರುತ್ತೆ, ಅದೂ ಒಂದೊಂದೇ. ಮೆಜೆಸ್ಟಿಕ್ಕಲ್ಲಿ ಜನ ಕಾಣೋದು ಸುಲಭ, ಒಂದು ಮನೆ ಹುಡುಕೋದು ಕಷ್ಟ.

ಹೊಸೂರು_ರೋಡ್_ಸೆಂದಿಲ್ · 3:12
ನಮ್ಮ ಮನೇಲಿ ತಮಿಳು. ‘ಆನೈ’ ಅಂದ್ರೆ ಆನೆ. ಆನೈ-ಸೋಗಮಿ, ಆನೆ ಸೈಜ್ ಮೊಟ್ಟೆ ಅಂತ ಅಂದ್ಕೊಂಡು ಓದ್ತಾ ಬಂದೆ.

ಕೋಶ_ಕೋಣೆ · 3:20
ಆನೆ ಅಂದ್ರಲ್ಲ, ತಗೊಳ್ಳಿ: ಇಲಿಯ ವೀರ್ಯಾಣು ಆನೆಯದ್ದಕ್ಕಿಂತ ಉದ್ದ. ಇನ್ನೂ ಬೇಕಾ? ಡ್ರಾಸೊಫಿಲಾ ಬೈಫರ್ಕಾ ಅಂತ ಒಂದು ಹಣ್ಣಿನ ನೊಣ ಇದೆ, ಅದರದ್ದು ಬಿಚ್ಚಿದ್ರೆ ಸುಮಾರು 5.8 ಸೆಂಟಿಮೀಟರ್. ನೊಣಕ್ಕಿಂತ ಇಪ್ಪತ್ತು ಪಟ್ಟು ಉದ್ದ, ಉಂಡೆ ಸುತ್ತಿಕೊಂಡಿರುತ್ತೆ. ಉದ್ದ ಇದ್ರೂ ಸರಕು ಇಲ್ಲ, ಬರೀ ಬಾಲ. ಅದಕ್ಕೇ ಅದು ಗಂಡೇ.

ಗಿರಿನಗರ_ಗೊಣಗಾಟ · 4:05
ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು. ಪ್ರಕೃತಿಯೇ ದೊಡ್ಡದು ಕೂತಿರಲಿ, ಚಿಕ್ಕದು ಓಡಾಡಲಿ ಅಂತ ಮಾಡಿದೆ. ಹೆಂಗಸರು ಮನೆ, ಗಂಡಸರು ಹೊರಗೆ. ನಮ್ಮ ಹಿರಿಯರಿಗೆ ಗೊತ್ತಿತ್ತು.

ಮೈಕ್ರೋಸ್ಕೋಪ್_ಮೇಡಂ · 4:11
ಮೂವತ್ತು ವರ್ಷ ಬೆಳಿಗ್ಗೆ ಏಳೂವರೆ ಬಸ್ ಹಿಡಿದವಳು ನಾನು. ನಮ್ಮ ಮನೆಯ ಚಿಕ್ಕ ಲಿಂಗಾಣು ಪಾರ್ಟಿ ಆಗ ಪೇಪರ್ ಓದ್ತಿದ್ರು.

ಕೋಶ_ಕೋಣೆ · 4:30
ಗಿರಿನಗರದವರೇ, ಕೋಶದ ಗಾತ್ರದಿಂದ ಅಡುಗೆಮನೆಗೆ ಜಿಗೀಬೇಡಿ, ಮಧ್ಯೆ ಬಹಳ ಹಳ್ಳ ಇದೆ. ಗಂಡು–ಹೆಣ್ಣು ಅನ್ನೋದಕ್ಕೆ ಜೀವಶಾಸ್ತ್ರದ ವ್ಯಾಖ್ಯೆ ಇಷ್ಟೇ: ಚಿಕ್ಕ ಲಿಂಗಾಣು ಮಾಡೋದು ಗಂಡು, ದೊಡ್ಡದು ಮಾಡೋದು ಹೆಣ್ಣು. ಅಷ್ಟರ ಮೇಲೆ ಯಾರು ಮಗು ನೋಡ್ಕೋಬೇಕು ಅಂತ ಅದು ಹೇಳಲ್ಲ. ಕಡಲ್ಗುದುರೆಯಲ್ಲಿ ಗಂಡೇ ಬಸಿರು ಹೊರ್ತಾನೆ, ಆದ್ರೂ ಗಂಡೇ, ಯಾಕಂದ್ರೆ ಅವನು ಮಾಡೋದು ವೀರ್ಯಾಣು. ನಮ್ಮ ಕೆರೆಗಳಲ್ಲೇ ತಾವರೆ ಎಲೆ ಮೇಲೆ ನಡೆಯೋ ಜಕಾನಾ ಹಕ್ಕಿ ನೋಡಿ. ಹೆಣ್ಣು ಮೊಟ್ಟೆ ಇಟ್ಟು ಇನ್ನೊಬ್ಬನ ಹತ್ರ ಹೋಗ್ತಾಳೆ, ಕಾವು ಕೂರೋದು, ಮರಿ ನೋಡೋದು ಗಂಡು. ಬೇಟ್‌ಮನ್ ಅಂತ ಒಬ್ಬರು 1948ರಲ್ಲಿ ಹಣ್ಣಿನ ನೊಣದ ಮೇಲೆ ಪ್ರಯೋಗ ಮಾಡಿ ಗಂಡು ಚಪಲ, ಹೆಣ್ಣು ಆಯ್ಕೆಗಾರ್ತಿ ಅನ್ನೋ ಮಾತಿಗೆ ಬುನಾದಿ ಹಾಕಿದ್ರು. ಅದನ್ನೇ 2012ರಲ್ಲಿ ಪೆಟ್ರೀಶಿಯಾ ಗೊವಾಟಿ ತಂಡ ಮತ್ತೆ ಮಾಡಿ ನೋಡಿದಾಗ ಹಳೇ ವಿಧಾನದಲ್ಲೇ ದೋಷ ಸಿಕ್ತು.

ಗಿರಿನಗರ_ಗೊಣಗಾಟ · 4:41
ನಾನು ಸುಮ್ಮನೆ ಹೇಳಿದೆ.

ಒಗ್ಗರಣೆ_ಡಬ್ಬಿ · 4:42
ಸುಮ್ಮನೆ ಹೇಳಿದ್ದಕ್ಕೇ ಇಷ್ಟು. ಗಟ್ಟಿಯಾಗಿ ಹೇಳಿದ್ರೆ ಮೇಡಂ ಗಿರಿನಗರಕ್ಕೆ ಬರ್ತಿದ್ರು.

ಟೆರೇಸ್_ತೋಟ · 5:18
ಟೆರೇಸ್ ಮೇಲೆ ಪಪ್ಪಾಯಿ ಹಾಕಿದ್ದೀನಿ, ಗಂಡು ಮರ ಆಯ್ತು, ಬರೀ ಹೂವು. ಹೂವಿನ ಪರಾಗ ಅಂದ್ರೆ ಗಿಡದ ವೀರ್ಯಾಣು ಅಂತ ನಮ್ಮ ಮಕ್ಕಳಿಗೆ ಹೇಳ್ಕೊಡ್ತಿದ್ದೀನಿ, ಸರಿ ತಾನೇ?

ಮೈಕ್ರೋಸ್ಕೋಪ್_ಮೇಡಂ · 5:33
ಅಲ್ಲ! ಇದನ್ನ ಎಲ್ಲರೂ ತಪ್ಪು ಹೇಳ್ತಾರೆ. ಪರಾಗ ರೇಣು ಲಿಂಗಾಣು ಅಲ್ಲ, ಅದನ್ನ ಹೊತ್ತು ತರೋ ಗಾಡಿ. ರೇಣು ಶಲಾಕಾಗ್ರಕ್ಕೆ ಬಿದ್ದು ಕೊಳವೆ ಬೆಳೆಸುತ್ತೆ, ಅದರೊಳಗೆ ಎರಡು ಗಂಡು ಲಿಂಗಾಣು ಇಳಿದು ಹೋಗ್ತವೆ. ಮಲ್ಲಿಗೆ, ಮಾವು, ನಿಮ್ಮ ಪಪ್ಪಾಯಿ, ಯಾವುದರದ್ದೂ ಈಜಲ್ಲ. ಈಜೋ ಚಾಳಿ ಜರೀಗಿಡಕ್ಕೆ ಇದೆ, ಸೈಕಾಸ್‌ಗೆ ಇದೆ.

ಇನ್ನೊಂದು ಗುಂಡಿ ಮುಚ್ಚಿಬಿಡ್ತೀನಿ. ಮುಂದಿನ ವರ್ಷ ಮಗಳಿಗೆ ‘ಹೆಟಿರೋಗ್ಯಾಮೀಟಿಕ್’ ಅಂತ ಒಂದು ಪದ ಬರುತ್ತೆ, ಎರಡು ಥರ ಲಿಂಗ ಕ್ರೋಮೋಸೋಮಿನ ಲಿಂಗಾಣು ಮಾಡೋದು ಅಂತ. ಮನುಷ್ಯರಲ್ಲಿ ಗಂಡು ಹೆಟಿರೋಗ್ಯಾಮೀಟಿಕ್, ಎಕ್ಸ್ ಮತ್ತು ವೈ. ಕೋಳಿಯಲ್ಲಿ ಹೆಣ್ಣು. ಅದು ಕ್ರೋಮೋಸೋಮ್ ಮಾತು, ಗಾತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ರಂಗನತಿಟ್ಟಿನ ಮೊಸಳೆಗೆ ಅದೂ ಇಲ್ಲ, ಮೊಟ್ಟೆ ಇಟ್ಟ ಮರಳು ಎಷ್ಟು ಬಿಸಿ ಅನ್ನೋದರ ಮೇಲೆ ಗಂಡೋ ಹೆಣ್ಣೋ. ಆದ್ರೆ ಮೂರರಲ್ಲೂ ಅನೈಸೋಗಮಿ ಒಂದೇ ಥರ.

ಟೆರೇಸ್_ತೋಟ · 5:36
ಹತ್ತು ವರ್ಷದಿಂದ ತಪ್ಪು ಹೇಳಿದ್ದೀನಿ. ಅದಿರಲಿ, ಗಂಡು ಮರ ಕಡೀಲಾ ಬೇಡ್ವಾ?

ಧಾರವಾಡ_ಟು_ಯಶವಂತಪುರ · 5:50
ಕಡೀಬ್ಯಾಡ್ರಿ, ಪಕ್ಕದ ಮನಿಯೊಳಗ ಹೆಣ್ಣು ಮರ ಇರಬಹುದು. ಸಂಬಂಧ ಕೇಳಿ ನೋಡ್ರಿ.

ವಿಜಯನಗರದ_ಅಪ್ಪ · ರಾತ್ರಿ 8:55
ಈಗ ಮನೆಗೆ ಬಂದೆ. ಮಗಳು ಎಲ್ಲ ಓದಿ ಮುಗಿಸಿದ್ದಾಳೆ. ನೋಟ್‌ಬುಕ್ಕಲ್ಲಿ ‘ಸಮವಾಗಿ ಹೋಗದೇ ಇರೋದು’ ಹೊಡೆದು ಹಾಕಿ, ಪಕ್ಕದಲ್ಲಿ ‘ಅನ್ = ಅನಾರೋಗ್ಯದ ಅನ್, ಐಸೋ = ಅಜ್ಜಿ ಬ್ಲಡ್ ರಿಪೋರ್ಟ್, ಗಮಿ = ಜಾಮಾತೃ’ ಅಂತ ಬರೆದಿದ್ದಾಳೆ. ಅಜ್ಜಿ ನಮ್ಮವರಲ್ಲ, ಇಲ್ಲಿ ಯಾರದ್ದೋ ಅಮ್ಮ, ಆದ್ರೂ ಸೇರಿಸ್ಕೊಂಡಿದ್ದಾಳೆ. ಕನ್ನಡಕ್ಕೆ ‘ಅಸಮಲಿಂಗಾಣುತೆ’ ಅಂತ ಇಟ್ಕೊಂಡ್ಲು.

ಈಗ ಹೊಸ ತಕರಾರು. ಪುಸ್ತಕದಲ್ಲಿ ಸ್ಪೈರೊಗೈರಾ ಅನ್ನೋ ಎಳೆ ಎಳೆ ಪಾಚಿ ಐಸೋಗಮಿ ಅಂತಿದೆಯಂತೆ, ಎರಡು ಲಿಂಗಾಣುವೂ ಒಂದೇ ಗಾತ್ರ. ಆದ್ರೆ ಚಿತ್ರದಲ್ಲಿ ಒಂದು ಎಳೆಯ ಕೋಶಗಳೆಲ್ಲ ಖಾಲಿ, ಇನ್ನೊಂದು ಎಳೆಯಲ್ಲಿ ಎಲ್ಲ ತುಂಬಿಕೊಂಡಿದೆ. ‘ಒಂದೇ ಸೈಜ್ ಇದ್ರೆ ಒಂದೇ ಯಾಕಪ್ಪ ನಡ್ಕೊಂಡು ಹೋಗಬೇಕು? ಇದು ಸಮ ಹೇಗೆ?’ ಅಂತಾಳೆ.

ಮೈಕ್ರೋಸ್ಕೋಪ್_ಮೇಡಂ · 9:03
ಈ ಹುಡುಗಿಯನ್ನ ನನ್ನ ಹತ್ರ ಕಳಿಸಿ. ನೋಡೋಕೆ ಸಮ, ನಡತೆಯಲ್ಲಿ ಅಸಮ, ಹಾಗಂತಲೇ ಹೇಳ್ತೀವಿ ಅದಕ್ಕೆ. ಎರಡು ಎಳೆ ಅಕ್ಕಪಕ್ಕ ಬಂದು ಮಧ್ಯೆ ಕೊಳವೆ ಮಾಡ್ಕೊಳ್ತವೆ, ಏಣಿ ಥರ ಕಾಣುತ್ತೆ. ಒಂದು ಎಳೆಯದ್ದು ಕೊಳವೆ ದಾಟಿ ಇನ್ನೊಂದರ ಮನೆಗೆ ಹೋಗಿ ಸೇರುತ್ತೆ. ಬಾಲ ಇಲ್ಲ, ಈಜಲ್ಲ, ಸುಮ್ಮನೆ ಜಾರಿಕೊಂಡು ಹೋಗುತ್ತೆ. ಹೋಗೋದನ್ನ ಗಂಡು ಅಂತಲೂ ಇರೋದನ್ನ ಹೆಣ್ಣು ಅಂತಲೂ ಕರೆಯೋ ರೂಢಿ ಇದೆ, ಆದ್ರೆ ಗಾತ್ರದ ಲೆಕ್ಕದಲ್ಲಿ ಆ ಹೆಸರಿಗೆ ಆಧಾರ ಇಲ್ಲ.

ಒಗ್ಗರಣೆ_ಡಬ್ಬಿ · 9:05
ತನ್ನ ಮನೆ ಖಾಲಿ ಮಾಡಿ ಹೆಣ್ಣಿನ ಮನೆಗೇ ಹೋಗಿ ಸೇರ್ಕೊಂಡ ಅಂದ್ರೆ ಅದಕ್ಕೆ ಕನ್ನಡದಲ್ಲಿ ಆಗಲೇ ಪದ ಇದೆಯಲ್ಲ. ಮನೆಅಳಿಯ.

ಬೇರು_ಬಿಳಲು · 9:06
ಗಾಂಬ್ರೋಸ್!